ಒಳಗಿನ ಕೂಲಿಂಗ್ ಕಾಯಿಲ್ ಲೀಕ್: ಕಂಪನಿಯದ್ದೇ ಹಾಕಿಸಲಾ, ಲೋಕಲ್ ಸಾಕಾ, ಎಸಿಯನ್ನೇ ಬದಲಿಸಲಾ?

ಸುರತ್ಕಲ್_ಗಾಳಿ:

ನಮಸ್ಕಾರ. ಮಲಗುವ ಕೋಣೆಯಲ್ಲಿ ಒಂದೂವರೆ ಟನ್ನಿನ ಇನ್ವರ್ಟರ್ ಸ್ಪ್ಲಿಟ್ ಎಸಿ ಉಂಟು. 2020ರಲ್ಲಿ ತಗೊಂಡದ್ದು, ಗ್ಯಾಸ್ ಆರ್-32. ಮನೆ ಸುರತ್ಕಲ್‌ನಲ್ಲಿ, ಸಮುದ್ರಕ್ಕೆ ನಡೆದು ಹೋದರೆ ಹತ್ತು ನಿಮಿಷ. ಕಳೆದ ವರ್ಷ ಏಪ್ರಿಲ್‌ನಲ್ಲಿ ತಂಪು ಕಡಿಮೆಯಾಯಿತು, ಗ್ಯಾಸ್ ತುಂಬಿಸಿದೆ, 2,800 ರೂಪಾಯಿ. ಈ ವರ್ಷ ಫೆಬ್ರವರಿಯಲ್ಲಿ ಮತ್ತೆ ಅದೇ ಕಥೆ, ಮತ್ತೆ 2,800. ಈಗ ಎರಡು ತಿಂಗಳೂ ಆಗಿಲ್ಲ, ಒಳಗಿನ ಯುನಿಟ್ಟಿನಲ್ಲಿ ಗ್ಯಾಸ್ ಹರಿದು ತಂಪು ಮಾಡುವ ಕೊಳವೆಗಳ ಸುರುಳಿ, ಅಂದರೆ ಕಾಯಿಲ್‌ನ ಒಂದು ಮೂಲೆಯಲ್ಲಿ ಮಾತ್ರ ಮಂಜು ಕಟ್ಟುತ್ತದೆ, ಉಳಿದ ಭಾಗ ಮುಟ್ಟಿದರೆ ಬೆಚ್ಚಗಿರುತ್ತದೆ. ಸೆಖೆ ತಡೆಯಲಾರದೆ ರಾತ್ರಿ ಎರಡು ಗಂಟೆಗೆ ಎದ್ದು ಕೂತು ಇದನ್ನು ಬರೆಯುತ್ತಿದ್ದೇನೆ.

ಮೂರು ಜನ ಬಂದು ನೋಡಿದರು, ಮೂರು ಮಾತು ಹೇಳಿದರು. ಕಂಪನಿಯವರು ಕಾಯಿಲ್ ಹೋಗಿದೆ, ಹೊಸದು ಹಾಕಿ ಗ್ಯಾಸ್ ತುಂಬಲು ಎಲ್ಲ ಸೇರಿ 14,500 ಅಂದರು. ಪೇಟೆಯ ಅಂಗಡಿಯವ "ಒಂದೂವರೆ ಟನ್ನಿನ ಕಾಯಿಲ್ ಎಲ್ಲಾ ಒಂದೇ, ನಾನು 7,000ಕ್ಕೆ ಕೂರಿಸ್ತೇನೆ" ಅಂದ. ಮೂರನೆಯವ ಕಾಯಿಲ್ ಬಿಚ್ಚಿ ವೆಲ್ಡಿಂಗ್ ಮಾಡಿದರೆ 2,000ದಲ್ಲಿ ಮುಗಿಯುತ್ತದೆ ಅನ್ನುತ್ತಾನೆ. ಭಾವ ಎಸಿಯನ್ನೇ ಬಿಸಾಡು ಅನ್ನುತ್ತಾರೆ. ಯಾರನ್ನು ನಂಬುವುದು ಮಾರಾಯ್ರೆ?

ಗೇಜ್_ಅಣ್ಣ:

ಉಡುಪಿ ಕಡೆ 19 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಮೊದಲು ಒಂದು ಪ್ರಶ್ನೆ. ಲೀಕ್ ಕಾಯಿಲ್‌ನಲ್ಲೇ ಇದೆ ಅಂತ ಯಾರಾದರೂ ತೋರಿಸಿದರಾ, ಇಲ್ಲಾ ಬರೀ ಬಾಯಲ್ಲಿ ಹೇಳಿದರಾ? ಒಂದು ಮೂಲೆಯಲ್ಲಿ ಮಂಜು ಕಟ್ಟಿದರೆ ಗ್ಯಾಸ್ ಕಡಿಮೆ ಇರಬಹುದು ಅಂತ ಗೊತ್ತಾಗುತ್ತದೆ, ಗ್ಯಾಸ್ ಎಲ್ಲಿಂದ ಹೋಯಿತು ಅಂತ ಗೊತ್ತಾಗುವುದಿಲ್ಲ. ನಾನು ನೋಡಿದ ಎಷ್ಟೋ ಮನೆಗಳಲ್ಲಿ "ಕಾಯಿಲ್ ಹೋಗಿದೆ" ಅಂದದ್ದು ಕೊನೆಗೆ ಗೋಡೆ ಹಿಂದಿನ ಫ್ಲೇರ್ ನಟ್ಟು, ಅಂದರೆ ಅಗಲ ಮಾಡಿದ ಪೈಪಿನ ತುದಿಯನ್ನು (ಫ್ಲೇರ್) ಬಿಗಿಯುವ ನಟ್ಟು. ಅದನ್ನು ಸರಿಮಾಡಲು ಪೈಪಿನ ತುದಿ ಕತ್ತರಿಸಿ ಹೊಸ ಫ್ಲೇರ್ ಹೊಡೆದರೆ ಸಾಕು, ಅರ್ಧ ಗಂಟೆ ಕೆಲಸ. ಹೊಸ ಕಾಯಿಲ್ ಹಾಕಿ ಅದೇ ಹಳೆ ಫ್ಲೇರ್ ಬಿಗಿದರೆ ಆರು ತಿಂಗಳಲ್ಲಿ ಮತ್ತೆ ಇಲ್ಲಿ ಬಂದು ಬರೆಯುತ್ತೀರಿ.

ಪರೀಕ್ಷೆ ಹೇಗೆ ಅಂದರೆ, ಒಳಗಿನ ಯುನಿಟ್ಟನ್ನು ಪೈಪಿನಿಂದ ಬಿಡಿಸಬೇಕು, ಕಾಯಿಲ್‌ಗೆ ಮಾತ್ರ ನೈಟ್ರೋಜನ್ ತುಂಬಬೇಕು. ನಾನು 300 ಪಿಎಸ್ಐ ಒತ್ತಡದ ಸುತ್ತ ತುಂಬಿ ಒಂದು ರಾತ್ರಿ ಬಿಡುತ್ತೇನೆ. ಬೆಳಗ್ಗೆ ಗೇಜ್ ಮುಳ್ಳು ಚೆನ್ನಾಗಿ ಇಳಿದಿದ್ದರೆ ಕಾಯಿಲ್‌ದೇ ತಪ್ಪು. ಕೋಣೆ ತಣ್ಣಗಾದರೆ ಒಂದೆರಡು ಪಾಯಿಂಟ್ ಇಳಿಯುವುದು ಸಹಜ, ಅದಕ್ಕೆ ಗಾಬರಿ ಬೇಡ. ನೈಟ್ರೋಜನ್ ಇಲ್ಲ, ಆಕ್ಸಿಜನ್ ಸಿಲಿಂಡರ್ ಇದೆ ಅಂತ ಯಾರಾದರೂ ಅದನ್ನೇ ತಂದರೆ ದಯವಿಟ್ಟು ಮನೆಯಿಂದ ಹೊರಗೆ ಕಳಿಸಿ. ಒಳಗಿನ ಎಣ್ಣೆಗೆ ಒತ್ತಡದ ಆಕ್ಸಿಜನ್ ಸೇರಿದರೆ ಸ್ಫೋಟ ಆಗುತ್ತದೆ, ತಮಾಷೆ ಅಲ್ಲ.

ಕಾಯಿಲ್‌ದೇ ತಪ್ಪು ಅಂತಾದರೆ ಆಮೇಲೆ ಆಯ್ಕೆಯ ಮಾತು. "ಒಂದೂವರೆ ಟನ್ನಿನದ್ದು ಎಲ್ಲಾ ಒಂದೇ" ಅನ್ನುವುದು ಸುಳ್ಳು. ಒಂದು ಟನ್ ಅಂದರೆ ಗಂಟೆಗೆ 12,000 ಬಿಟಿಯು ಶಾಖ ಎಳೆಯುವ ಶಕ್ತಿ, ಅಷ್ಟೇ. ಅದನ್ನು ಒಂದು ಕಂಪನಿ ದಪ್ಪ ಕೊಳವೆಯ ಎರಡು ಸಾಲಿನಲ್ಲಿ ಎಳೆಯಬಹುದು, ಇನ್ನೊಂದು 7 ಮಿಲಿಮೀಟರ್ ಕೊಳವೆಯ ಮೂರು ಸಾಲಿನಲ್ಲಿ. ಗ್ಯಾಸ್ ಒಳಗೆ ಎಷ್ಟು ದಾರಿಯಾಗಿ ಒಡೆದು ಹರಿಯುತ್ತದೆ ಅನ್ನುವುದೂ ಬೇರೆ ಬೇರೆ. ಚಿಕ್ಕ ಕಾಯಿಲ್ ಹಾಕಿದರೆ ಪ್ರೆಶರ್ ಬಿದ್ದು ಮಂಜು ಕಟ್ಟುತ್ತದೆ. ದೊಡ್ಡದು ಹಾಕಿದರೆ ಒಳ್ಳೆಯದಲ್ವಾ ಅನ್ನಬೇಡಿ, ಕಾಯಿಲ್ ಅಷ್ಟು ತಣ್ಣಗಾಗದೆ ಗಾಳಿಯ ನೀರು ಎಳೆಯುವುದು ಕಡಿಮೆಯಾಗುತ್ತದೆ. ನಮ್ಮ ಕರಾವಳಿಯಲ್ಲಿ ಸೆಖೆಗಿಂತ ಆ ತೇವವೇ ದೊಡ್ಡ ಶತ್ರು.

ಇನ್ವರ್ಟರ್ ಮೆಷಿನ್‌ನಲ್ಲಿ ಇನ್ನೂ ಒಂದು ರಗಳೆ. ಕಾಯಿಲ್ ಮೇಲೆ ಒಂದು ಪುಟ್ಟ ಸೆನ್ಸರ್ ಕೂರುವ ಜಾಗ ಇರುತ್ತದೆ. ಅದು ಹೇಳುವ ಲೆಕ್ಕದ ಮೇಲೆ ಪಿಸಿಬಿ ಅನ್ನುವ ಎಲೆಕ್ಟ್ರಾನಿಕ್ ಬೋರ್ಡ್ ಕಂಪ್ರೆಸರ್‌ನ ವೇಗ ಏರಿಸಿ ಇಳಿಸುತ್ತದೆ. ಲೋಕಲ್ ಕಾಯಿಲ್‌ನಲ್ಲಿ ಆ ಜಾಗ ಇಲ್ಲದಿದ್ದರೆ ಇನ್ನೆಲ್ಲೋ ಟೇಪ್ ಸುತ್ತಿ ಅಂಟಿಸುತ್ತಾರೆ. ಆಮೇಲೆ ಎಸಿಗೆ ತಲೆ ಕೆಟ್ಟು ಬೇಡದ ಹೊತ್ತಿಗೆ ನಿಲ್ಲುತ್ತದೆ, ನೀವು ಪಿಸಿಬಿ ಹೋಗಿದೆ ಅಂತ ಇನ್ನೊಂದಷ್ಟು ಕಳೆದುಕೊಳ್ಳುತ್ತೀರಿ. ಹಾಗಾಗಿ ಟನ್ ಹೇಳಿ ಕಾಯಿಲ್ ತರಿಸಬೇಡಿ. ಒಳಗಿನ ಯುನಿಟ್ಟಿನ ಸ್ಟಿಕ್ಕರ್‌ನಲ್ಲಿರುವ ಮಾಡೆಲ್ ನಂಬರ್ ಅಕ್ಷರ ಬಿಡದೆ ಕೊಟ್ಟು ತರಿಸಿ.

ಕೆರೆಕಟ್ಟೆ_2ನೇ_ಮಹಡಿ:

ನಾವು ಬೆಂಗಳೂರಲ್ಲಿ ಬೆಳ್ಳಂದೂರು ಕೆರೆ ಹತ್ತಿರ ಬಾಡಿಗೆಗೆ ಇದ್ದಾಗ ಮೂರು ವರ್ಷದಲ್ಲಿ ಎರಡು ಕಾಯಿಲ್ ಹೋದವು. ತಾಮ್ರ ಮಸಿ ಹಿಡಿದ ಹಾಗೆ ಕಪ್ಪಾಗಿತ್ತು. ದೇವರ ಮನೆಯ ಬೆಳ್ಳಿ ದೀಪ ಉಜ್ಜಿದ ಎರಡು ವಾರಕ್ಕೆ ಕಪ್ಪಾಗುತ್ತಿತ್ತು, ಅಮ್ಮ ಕೆಲಸದವಳಿಗೆ ಬೈಯುತ್ತಿದ್ದರು, ಪಾಪ. ಕೊಳಚೆ ನೀರಿನಿಂದ ಏಳುವ ಗ್ಯಾಸ್ ಬೆಳ್ಳಿಗೆ ಮಾಡುವುದನ್ನೇ ತಾಮ್ರಕ್ಕೂ ಮಾಡುತ್ತದೆ ಅಂತ ಆಮೇಲೆ ಗೊತ್ತಾಯಿತು. ಮೋರಿ ಪಕ್ಕ ಮನೆ ಇರುವವರು ಬೆಳ್ಳಿ ಸಾಮಾನು ನೋಡಿಕೊಳ್ಳಿ.

ಲ್ಯಾಬ್_ಮೇಷ್ಟ್ರು:

ಮೇಲಿನವರು ಹೇಳಿದ್ದು ಸರಿ, ಅದು ಹೈಡ್ರೋಜನ್ ಸಲ್ಫೈಡ್. ಆದರೆ ಸುರತ್ಕಲ್‌ನವರ ಮನೆಯಲ್ಲಿ ಎಲ್ಲವನ್ನೂ ಉಪ್ಪುಗಾಳಿಯ ತಲೆಗೆ ಕಟ್ಟಬೇಡಿ. ಉಪ್ಪುಗಾಳಿ ಮೊದಲು ತಿನ್ನುವುದು ಹೊರಗಿನ ಯುನಿಟ್ಟನ್ನು. ಒಳಗಿನ ತಾಮ್ರವನ್ನು ತಿನ್ನುವ ಬೇರೆ ಕಳ್ಳ ಇದ್ದಾನೆ. ಹೊಸ ಪ್ಲೈವುಡ್ ವಾರ್ಡ್‌ರೋಬ್, ಅದರ ಅಂಟು, ಪೇಂಟು, ವಿನೆಗರ್, ಕೆಲವು ನೆಲ ಒರೆಸುವ ದ್ರಾವಣಗಳು, ಇವುಗಳಿಂದ ಫಾರ್ಮಿಕ್ ಆಸಿಡ್, ಅಸಿಟಿಕ್ ಆಸಿಡ್‌ನ ಆವಿ ಬಹಳ ಸಣ್ಣ ಪ್ರಮಾಣದಲ್ಲಿ ಗಾಳಿಗೆ ಸೇರುತ್ತದೆ. ಕಾಯಿಲ್ ಮೇಲೆ ಯಾವಾಗಲೂ ನೀರು. ಆಸಿಡ್, ನೀರು, ಗಾಳಿ ಮೂರೂ ಸೇರಿದರೆ ತಾಮ್ರದ ಗೋಡೆಯೊಳಗೆ ಕವಲು ಕವಲಾಗಿ ಸುರಂಗ ಕೊರೆಯುತ್ತದೆ. ಅಡ್ಡ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇರುವೆ ಗೂಡಿನ ಹಾಗೇ ಕಾಣುತ್ತದೆ. ಇಂಗ್ಲಿಷ್‌ನಲ್ಲೂ ಅದಕ್ಕೆ ಇರುವೆ ಗೂಡಿನ ಹೆಸರೇ, ಫಾರ್ಮಿಕರಿ ಕೊರೋಶನ್. ಹೊರಗಿನಿಂದ ನೋಡಿದರೆ ಸ್ವಲ್ಪ ಕಿಲುಬು ಬಿಟ್ಟು ಬೇರೇನೂ ಕಾಣುವುದಿಲ್ಲ.

ಇದಕ್ಕೇ ನಾನು ವೆಲ್ಡಿಂಗ್ ಬೇಡ ಅನ್ನುವುದು. ಬೆಸುಗೆ ಬಿಟ್ಟುಕೊಂಡು ಬೆಂಡ್‌ನಲ್ಲಿ ಒಂದೇ ಕಡೆ ಲೀಕ್ ಆಗಿದ್ದರೆ ಮುಚ್ಚಬಹುದು. ಇರುವೆ ಗೂಡಾಗಿದ್ದರೆ ಒಂದು ತೂತು ಮುಚ್ಚುವ ಹೊತ್ತಿಗೆ ಪಕ್ಕದಲ್ಲಿ ಹತ್ತು ತಯಾರಾಗಿರುತ್ತವೆ. ಹೆಚ್ಚಿನವು ಫಿನ್ನುಗಳ, ಅಂದರೆ ಕೊಳವೆಯ ಸುತ್ತ ಇರುವ ತೆಳು ರೆಕ್ಕೆಗಳ ಅಡಿಯಲ್ಲಿ, ಕೈಗೂ ಸಿಗುವುದಿಲ್ಲ.

ಇನ್ನೊಂದು, ಸರ್ವೀಸ್ ಹೆಸರಿನಲ್ಲಿ ಬಾತ್‌ರೂಮ್ ಆಸಿಡ್ ನೀರಿಗೆ ಹಾಕಿ ಕಾಯಿಲ್ ತೊಳೆಯುವವರನ್ನು ಕಣ್ಣಾರೆ ನೋಡಿದ್ದೇನೆ. ಬೆಳ್ಳಗೆ ಹೊಳೆಯುತ್ತದೆ ನಿಜ. ಹೊಳೆಯದೆ ಇನ್ನೇನು, ಮೇಲಿನ ಪದರವನ್ನೇ ಕರಗಿಸಿದ್ದಾರಲ್ಲ.

ಡಲ್ಲಾಸ್_ದಾವಣಗೆರೆ:

ನಾವಿರುವ ಟೆಕ್ಸಾಸ್‌ನಲ್ಲಿ ಕಥೆ ಬೇರೆ. ಇಲ್ಲಿ ಇಡೀ ಮನೆಗೆ ಒಂದೇ ಎಸಿ, ಕಾಯಿಲ್ ಅಟ್ಟದ ಮೇಲೆ ಫರ್ನೆಸ್ ಜೊತೆ ಗುಡಾರದ ಆಕಾರದಲ್ಲಿ ಕೂತಿರುತ್ತದೆ. ಕಾಯಿಲ್ ಬೇರೆ ಕಂಪನಿಯದ್ದೂ ಹಾಕಬಹುದು, ಆದರೆ ಹೊರಗಿನ ಯುನಿಟ್ಟಿಗೆ ಅದು ಜೋಡಿ ಅಂತ ಎಎಚ್‌ಆರ್‌ಐ ಅನ್ನುವ ಇಲ್ಲಿನ ಎಸಿ ತಯಾರಕರ ಸಂಘದ ಪಟ್ಟಿಯಲ್ಲಿ ಇರಬೇಕು. ನಮ್ಮದು ಆರ್-410ಎ. 2025ರ ಜನವರಿಯಿಂದ ಇಲ್ಲಿ ಆ ಗ್ಯಾಸಿನ ಹೊಸ ಮನೆ ಎಸಿ ತಯಾರಿಸುವ ಹಾಗಿಲ್ಲ, ಹೊಸದೆಲ್ಲ ಆರ್-454ಬಿ ಅಥವಾ ಆರ್-32. ಹಳೆಯದಕ್ಕೆ ಕಾಯಿಲ್ ಈಗಲೂ ಸಿಗುತ್ತದೆ. ಕಾಯಿಲ್‌ಗೆ ವಾರಂಟಿ ಇತ್ತು, ಬಿಟ್ಟಿ ಬಂತು, ಕೂರಿಸಿದ ಕೂಲಿಗೆ ಊರಲ್ಲಿ ಎರಡು ಹೊಸ ಸ್ಪ್ಲಿಟ್ ಎಸಿ ಬರುತ್ತಿತ್ತು! ನಿಮ್ಮ ವಾರಂಟಿ ಕಾರ್ಡ್ ಒಮ್ಮೆ ತೆಗೆದು ನೋಡಿ.

ಸುರತ್ಕಲ್_ಗಾಳಿ:

ಕಾರ್ಡ್ ನೋಡಿದೆ. ಕಂಪ್ರೆಸರ್‌ಗೆ 10 ವರ್ಷ, ಉಳಿದದ್ದಕ್ಕೆಲ್ಲ ಒಂದೇ ವರ್ಷ. ಮೇಷ್ಟ್ರೇ, ನೀವು ಜ್ಯೋತಿಷಿಯಾ? ಎರಡು ವರ್ಷದ ಹಿಂದೆ ಅದೇ ಕೋಣೆಗೆ ಪ್ಲೈವುಡ್ ವಾರ್ಡ್‌ರೋಬ್ ಮಾಡಿಸಿದ್ದು, ಬಾಗಿಲು ತೆರೆದರೆ ಈಗಲೂ ಮೂಗಿಗೆ ಹೊಡೆಯುತ್ತದೆ.

ಗೇಜ್ ಅಣ್ಣ, ಅಂಗಡಿಯವ ಅಲ್ಯೂಮಿನಿಯಂ ಕಾಯಿಲ್ ಹಾಕಿದರೆ ತುಕ್ಕೇ ಹಿಡಿಯುವುದಿಲ್ಲ ಅನ್ನುತ್ತಾನೆ. ಬ್ಲೂ ಫಿನ್ ಅಂತನೂ ಹೇಳಿದ. ಅದು ಎಂತ?

ಹುಬ್ಬಳ್ಳಿ_ಬಿಸಿಲು:

ಇಷ್ಟೆಲ್ಲಾ ಯಾಕ್ರೀ? ಆರು ವರ್ಷದ ಎಸಿಗೆ 14,500 ಸುರಿಯೋದು ಹುಚ್ಚುತನ. 2025ರ ಸೆಪ್ಟೆಂಬರ್ 22ರಿಂದ ಎಸಿ ಮೇಲಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ಸುಮ್ನೆ ಹೊಸದು ತಗೊಳ್ಳಿ, ನೆಮ್ಮದಿಯಾಗಿ ಮಲಗಿ.

ಗೇಜ್_ಅಣ್ಣ:

ಹುಬ್ಬಳ್ಳಿಯವರೇ, ಅದನ್ನು ಕೂತಲ್ಲೇ ಹೇಳಲು ಬರುವುದಿಲ್ಲ. ಹೊರಗಿನ ಯುನಿಟ್ ನೋಡಬೇಕು. ಸುರತ್ಕಲ್‌ನವರು ಎಸಿಯ ಮೇನ್ ಸ್ವಿಚ್ ಆಫ್ ಮಾಡಿ, ಹೊರಗಿನದರ ಹಿಂಬದಿಯ ಫಿನ್ನುಗಳನ್ನು ಬೆರಳಿನಿಂದ ಮೆಲ್ಲಗೆ ಉಜ್ಜಿ ನೋಡಿ. ಹಪ್ಪಳದ ಹಾಗೆ ಪುಡಿಯಾಗಿ ಉದುರಿದರೆ ಹುಬ್ಬಳ್ಳಿಯವರ ಮಾತೇ ಸರಿ, ಒಳಗೆ ಒಂದು ರೂಪಾಯಿ ಹಾಕಬೇಡಿ, ಮುಂದಿನ ವರ್ಷ ಹೊರಗಿನದ್ದು ಕೈಕೊಡುತ್ತದೆ. ಗಟ್ಟಿ ಇದ್ದು ಕೆಳಗಿನ ತಗಡು ತೂತು ಬಿದ್ದಿಲ್ಲದಿದ್ದರೆ ಕಾಯಿಲ್ ಹಾಕಿಸಬಹುದು. ಕಂಪ್ರೆಸರ್‌ಗೆ ಇನ್ನೂ ನಾಲ್ಕು ವರ್ಷ ಗ್ಯಾರಂಟಿ ಇರುವಾಗ ಬಿಸಾಡಲು ನನಗೆ ಮನಸ್ಸು ಬರುವುದಿಲ್ಲ. ಆ ಗ್ಯಾರಂಟಿ ಉಳಿಯಬೇಕಾದರೆ ಹೊರಗಿನವರ ಕೈಯಲ್ಲಿ ಲೋಕಲ್ ಕಾಯಿಲ್ ಹಾಕಿಸಬಹುದಾ ಅಂತ ಕಾರ್ಡಿನ ಷರತ್ತು ಓದಿ.

ಬ್ಲೂ ಫಿನ್ ಅಂದರೆ ಅಲ್ಯೂಮಿನಿಯಂ ರೆಕ್ಕೆಗಳಿಗೆ ಬಳಿದ ಪದರ. ಒಳಗಿನ ಕಾಯಿಲ್‌ನಲ್ಲಿ ನೀರು ಹನಿಯಾಗಿ ನಿಲ್ಲದೆ ಜಾರಿ ಹೋಗಲು ಒಳ್ಳೆಯದು. ಆದರೆ ಗ್ಯಾಸ್ ಹರಿಯುವ ತಾಮ್ರದ ಬೆಂಡ್‌ಗಳಿಗೆ ಅದರಿಂದ ರಕ್ಷಣೆ ಇಲ್ಲ. ಅಲ್ಯೂಮಿನಿಯಂ ಕೊಳವೆಗೆ ಮೇಷ್ಟ್ರು ಹೇಳಿದ ಇರುವೆ ಕಾಟ ಇಲ್ಲ, ಒಪ್ಪುತ್ತೇನೆ. ತೊಂದರೆ ಬರುವುದು ಅದು ತಾಮ್ರದ ಪೈಪಿಗೆ ಸೇರುವ ಜಾಗದಲ್ಲಿ. ಎರಡು ಬೇರೆ ಲೋಹ, ನಡುವೆ ಉಪ್ಪಿನ ತೇವ, ಅಲ್ಯೂಮಿನಿಯಂ ಸವೆಯುತ್ತದೆ. ಒಮ್ಮೆ ತೂತಾದರೆ ಇಲ್ಲಿ ರಿಪೇರಿ ಮಾಡುವ ಕೈ ಸಿಗುವುದೂ ಕಷ್ಟ. ನಿಮ್ಮದು ಮೊದಲು ತಾಮ್ರ ಇತ್ತಾ, ತಾಮ್ರವೇ ಹಾಕಿಸಿ.

ಹಾಕುವ ದಿನ ಪಕ್ಕದಲ್ಲೇ ನಿಂತಿರಿ. ಹೊಸ ಕಾಯಿಲ್ ಬಂದ ಮೇಲೂ ನೈಟ್ರೋಜನ್ ಪ್ರೆಶರ್ ನೋಡಲೇಬೇಕು. ಆಮೇಲೆ ಪಂಪಿನಲ್ಲಿ ಒಳಗಿನ ಗಾಳಿ, ತೇವ ಎಳೆದು ವ್ಯಾಕ್ಯೂಮ್ ಮಾಡಬೇಕು, ಅದನ್ನು ಅಳೆಯುವ ಮೈಕ್ರಾನ್ ಗೇಜ್ ಇದ್ದರೆ 500ಕ್ಕಿಂತ ಕೆಳಗೆ ಇಳಿಯಬೇಕು, ಪಂಪ್ ನಿಲ್ಲಿಸಿದ ಮೇಲೂ ಅಲ್ಲೇ ನಿಲ್ಲಬೇಕು. ಕೆಲವರು ಸ್ವಲ್ಪ ಗ್ಯಾಸ್ ಬಿಟ್ಟು "ಗಾಳಿ ಹೋಯ್ತು" ಅನ್ನುತ್ತಾರೆ, ತೇವ ಒಳಗೇ ಉಳಿಯುತ್ತದೆ. ಗ್ಯಾಸನ್ನು ತಕ್ಕಡಿ ಮೇಲಿಟ್ಟು ಸ್ಟಿಕ್ಕರ್‌ನಲ್ಲಿ ಬರೆದಷ್ಟೇ ಗ್ರಾಂ ತುಂಬಿಸಿ, ಬರೀ ಗೇಜ್ ನೋಡಿ ತುಂಬಿಸಬೇಡಿ, ಇನ್ವರ್ಟರ್‌ನಲ್ಲಿ ಕಂಪ್ರೆಸರ್ ವೇಗ ಬದಲಾದ ಹಾಗೆ ಪ್ರೆಶರೂ ಬದಲಾಗುತ್ತದೆ. ಮತ್ತೆ ಆರ್-32 ಬೆಂಕಿ ಹಿಡಿಯುವ ಗ್ಯಾಸ್, ಅಡುಗೆ ಗ್ಯಾಸಿನಷ್ಟು ಅಲ್ಲ, ಆದರೂ ಹಿಡಿಯುತ್ತದೆ. ಉರಿಯಲ್ಲಿ ಸುಟ್ಟರೆ ಬರುವ ಹೊಗೆ ವಿಷ. ಕಿಟಕಿ ಎಲ್ಲಾ ತೆಗೆದಿಡಿ.

ಸುರತ್ಕಲ್_ಗಾಳಿ:

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ಹೊರಗಿನ ಯುನಿಟ್ ಮೂಲೆಯಲ್ಲಿ ಸ್ವಲ್ಪ ಉದುರಿತು, ಉಳಿದದ್ದು ಗಟ್ಟಿ. ತೆಂಗಿನ ಮರದ ಮರೆಯಲ್ಲಿ ಉಂಟು, ಅದಕ್ಕೋ ಏನೋ. ಒಳಗಿನ ಕಾಯಿಲ್‌ಗೆ ನೈಟ್ರೋಜನ್ ಹಾಕಿಸಿದೆ, 300 ಇದ್ದದ್ದು ಬೆಳಗ್ಗೆ 210. ನೀರಿನ ಟಬ್ಬಿನಲ್ಲಿ ಮುಳುಗಿಸಿದಾಗ ಐದು ಕಡೆ ಗುಳ್ಳೆ ಬಂತು, ನಾಲ್ಕು ಫಿನ್ನಿನ ಒಳಗಿನಿಂದ. ವೆಲ್ಡಿಂಗ್ ಆಸೆ ಅಲ್ಲಿಗೇ ಬಿಟ್ಟೆ.

ಕಂಪನಿ ಕಾಯಿಲನ್ನೇ ಹಾಕಿಸಿದೆ, ಚೌಕಾಸಿ ಮಾಡಿ 13,200. ಎರಡು ಫ್ಲೇರ್ ಹೊಸದಾಗಿ ಹೊಡೆಸಿದೆ. ಕಂಪನಿಯಿಂದ ಬಂದವ ತಕ್ಕಡಿ ತಂದಿಲ್ಲ ಅಂದ, ಹಾಗಾದರೆ ನಾಳೆ ತನ್ನಿ ಅಂದೆ. ಮುಖ ಊದಿಸಿಕೊಂಡು ಹೋದವ ಮರುದಿನ ತಂದ. ನಿನ್ನೆ ರಾತ್ರಿ 26ಕ್ಕೆ ಇಟ್ಟು ಹೊದ್ದು ಮಲಗಿದೆವು. ವಾರ್ಡ್‌ರೋಬ್ ಬಾಗಿಲು ಹಗಲೆಲ್ಲ ಕಿಟಕಿ ತೆಗೆದು ತೆರೆದಿಡುತ್ತಿದ್ದೇವೆ.

ಲ್ಯಾಬ್_ಮೇಷ್ಟ್ರು:

ಹಳೆ ಕಾಯಿಲ್ ಇದೆಯಾ? ಒಂದು ತುಂಡು ಕತ್ತರಿಸಿ ನೋಡಬೇಕಿತ್ತು.

ಸುರತ್ಕಲ್_ಗಾಳಿ:

ಇಲ್ಲ ಸರ್. "ನಿಮಗೆ ಕಸ, ನಾನೇ ಬಿಸಾಡ್ತೇನೆ" ಅಂತ ಅವನೇ ಬೈಕಿಗೆ ಕಟ್ಟಿಕೊಂಡು ಹೋದ.

ಗೇಜ್_ಅಣ್ಣ:

ಅಯ್ಯೋ ಮಾರಾಯ್ರೆ, ಅದು ತಾಮ್ರ! ಗುಜರಿಯವ ತೂಕ ಹಾಕಿ ದುಡ್ಡು ಕೊಡುತ್ತಾನೆ. ಇನ್ನೊಮ್ಮೆ ಫೋನ್ ಮಾಡಿ ಕೇಳಿ, ಇವತ್ತೇ.