ಮಳೆನೀರಿನ ಕೊಳ ತಿಳಿಯಾದರೂ ಯುರೇನಿಯಂ ಇಳಿಯುತ್ತಿಲ್ಲ, ಕಾರಣ ಏನಿರಬಹುದು?

ಮಡಕಶಿರಾದವ
ಹಿಂಗಾರು ಹಿಡಿದಾಗಿನಿಂದ ಈ ಒಂದು ತೊಂದರೆ ನನ್ನನ್ನು ಹಣ್ಣು ಮಾಡಿದೆ. ಯುರೇನಿಯಂ ಗಣಿಯೊಂದರಲ್ಲಿ ಅದಿರು ರಾಶಿ ಹಾಕುವ ಅಂಗಳದ ಮಳೆನೀರು ಕೆಳಗಿನ ಕೊಳಕ್ಕೆ ಬಂದು ನಿಲ್ಲುತ್ತದೆ. ಸಂಸ್ಕರಿಸದೆ ಅದನ್ನು ಹಳ್ಳಕ್ಕೆ ಬಿಡುವಂತಿಲ್ಲ. ಜಾರ್ ಪರೀಕ್ಷೆಯಲ್ಲಿ ಫೆರಿಕ್ ಕ್ಲೋರೈಡ್ ಎಂಬ ಕಬ್ಬಿಣದ ಲವಣ ಹಾಕಿ ಕಲಕಿದರೆ ಕಂದು ಬಣ್ಣದ ಗಸಿ ದಪ್ಪಗೆ ಕಟ್ಟಿ ತಳಕ್ಕಿಳಿಯುತ್ತದೆ; ಜಾರಿನ ಹಿಂದೆ ಹಿಡಿದ ಕಾಗದದ ಅಕ್ಷರಗಳನ್ನು ಓದುವಷ್ಟು ನೀರು ತಿಳಿಯಾಗುತ್ತದೆ. ಆದರೆ ಯುರೇನಿಯಂ ಮಾತ್ರ ಲೀಟರಿಗೆ 140 ಮೈಕ್ರೋಗ್ರಾಂ ಇದ್ದದ್ದು 120ಕ್ಕೆ ಬಂದು ನಿಂತಿದೆ. ಡೋಸ್ ಇಮ್ಮಡಿ ಮಾಡಿದರೂ ಪ್ರಯೋಜನವಿಲ್ಲ. ಕಬ್ಬಿಣದ ಗಸಿ ಯುರೇನಿಯಂ ಹಿಡಿಯುತ್ತದೆ ಎಂದು ಎಲ್ಲ ಕಡೆ ಹೇಳುತ್ತಾರೆ, ಇಲ್ಲಿ ಏಕೆ ಹಿಡಿಯುತ್ತಿಲ್ಲ?

ಹೊಸೂರು ಫಿಲ್ಟರ್
ಸ್ಯಾಂಪಲ್‌ಗೆ ನೈಟ್ರಿಕ್ ಆಮ್ಲ ಹಾಕುವ ಮೊದಲು 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿದ್ದೀರಾ? ಸೋಸದೆ ಆಮ್ಲ ಹಾಕಿದರೆ ಉಳಿದ ಕಣಗಳಲ್ಲಿರುವ ಯುರೇನಿಯಂ ಕೂಡ ಕರಗಿ ಲೆಕ್ಕಕ್ಕೆ ಸೇರುತ್ತದೆ. ನನ್ನ ಪ್ರಕಾರ ನಿಮ್ಮದು ಕಣಗಳ ಸಮಸ್ಯೆ.

ಮಡಕಶಿರಾದವ
ಸೋಸಿಯೇ ಕಳುಹಿಸಿದ್ದೇನೆ. ಸೋಸಿದ್ದಕ್ಕೂ ಸೋಸದ್ದಕ್ಕೂ ಹೆಚ್ಚೇನೂ ವ್ಯತ್ಯಾಸವಿಲ್ಲ.

ಹೊಸೂರು ಫಿಲ್ಟರ್
0.45 ಮೈಕ್ರಾನ್ ಸಾಲದು, ನುಣುಪಾದ ಜೇಡಿಯ ಕಣಗಳು ಅದರಲ್ಲಿ ಸಲೀಸಾಗಿ ದಾಟುತ್ತವೆ. 0.1ರಲ್ಲಿ ಸೋಸಿ ನೋಡಿ. ನಾನು ಇಲ್ಲಿ ಟೊಳ್ಳುನಾರಿನ ಮೆಂಬ್ರೇನ್ ಘಟಕವನ್ನೇ ಜೋಡಿಸಿಕೊಂಡಿದ್ದೇನೆ. ಕ್ವಾರಿಯ ಹಾಲಿನಂಥ ನೀರು ಅದರಿಂದ ಗಾಜಿನಂತೆ ಹೊರಬರುತ್ತದೆ.

ಬದಿಯಡ್ಕ
ಸಂಸ್ಕರಣೆಗಿಂತ ಮೊದಲು ಕೇಳಬೇಕಾದದ್ದು ಆ ಕೊಳಕ್ಕೆ ಎಷ್ಟು ನೀರು ಬರಬೇಕಾಗಿತ್ತು ಎಂಬುದು. ಗುಡ್ಡದ ಮೇಲಿನಿಂದ ಬರುವ ಒಳ್ಳೆಯ ನೀರನ್ನು ಸುತ್ತುಗಾಲುವೆಯಲ್ಲಿ ಹೊರಗಿನಿಂದಲೇ ದಾಟಿಸದಿದ್ದರೆ, ಶುದ್ಧ ನೀರನ್ನೂ ಕೆಡಿಸಿಕೊಂಡು ಆಮೇಲೆ ಅಷ್ಟನ್ನೂ ಶುದ್ಧಮಾಡುವ ಕೆಲಸ ಮೈಮೇಲೆ ಬೀಳುತ್ತದೆ. ಕಾಕಡು ರಾಷ್ಟ್ರೀಯ ಉದ್ಯಾನ ಸುತ್ತುವರಿದಿರುವ ಆಸ್ಟ್ರೇಲಿಯಾದ ರೇಂಜರ್ ಗಣಿಯಲ್ಲಿ ಕಾರ್ಖಾನೆಯ ನೀರು, ಅದಿರಿನ ರಾಶಿಗೆ ತಾಗಿದ ಮಳೆನೀರು, ಯಾವುದಕ್ಕೂ ತಾಗದ ನೀರು ಎಂದು ಬೇರೆ ಬೇರೆಯಾಗಿಯೇ ನಿಭಾಯಿಸುತ್ತಾರೆ. ಅಲ್ಲಿ 2021ರ ಜನವರಿಯಲ್ಲಿ ಅದಿರಿನ ಸಂಸ್ಕರಣೆ ನಿಂತಿತು, ನೀರಿನ ಸಂಸ್ಕರಣೆ ನಿಂತಿಲ್ಲ.

ಮಡಕಶಿರಾದವ
ಸುತ್ತುಗಾಲುವೆ ಇದೆ. ನಮ್ಮದು ನಿಮ್ಮ ಕಾಸರಗೋಡಿನಂಥ ಮಳೆಯ ಊರಲ್ಲ.

ಬದಿಯಡ್ಕ
ವರ್ಷದ ಸರಾಸರಿಯನ್ನು ನಂಬಿ ಕೊಳ ಕಟ್ಟಬಾರದು. 2021ರ ನವೆಂಬರ್ 19ರಂದು ಚೆಯ್ಯೇರು ನದಿಯ ಪ್ರವಾಹಕ್ಕೆ ಅನ್ನಮಯ್ಯ ಅಣೆಕಟ್ಟಿನ ಮಣ್ಣಿನ ಏರಿ ಕೊಚ್ಚಿಹೋದದ್ದು ಇದೇ ರಾಯಲಸೀಮೆಯಲ್ಲಿ. ಮಳೆ ಕಡಿಮೆ ಇರುವ ನಾಡಿನಲ್ಲಿ ಅದು ಬಂದಾಗ ಒಮ್ಮೆಲೇ ಬರುತ್ತದೆ. ಕೊಳ ತುಂಬಿ ಕೋಡಿ ಹರಿದರೆ ನಿಮ್ಮ 30ರ ಗುರಿಗೆ ಏನು ಅರ್ಥ?

ಹೊಸೂರು ಫಿಲ್ಟರ್
30ರ ಗುರಿ ಎಂದು ಅವರು ಎಲ್ಲಿ ಬರೆದಿದ್ದಾರೆ? ಲೀಟರಿಗೆ 30 ಮೈಕ್ರೋಗ್ರಾಂ ಎಂಬುದು ಕುಡಿಯುವ ನೀರಿನ ಮಿತಿ. ಹೊರಬಿಡುವ ನೀರಿಗೆ ಅನುಮತಿ ಪತ್ರದಲ್ಲಿ ಇರುವುದೇ ಮಿತಿ.

ಬದಿಯಡ್ಕ
ಹಳ್ಳದ ಕೆಳಗಿನ ಊರಿನವರು ಆ ನೀರನ್ನೇ ಕುಡಿಯುವುದಾದರೆ ಈ ಭೇದ ಕಾಗದದಲ್ಲಿ ಮಾತ್ರ ಉಳಿಯುತ್ತದೆ.

ಆದವಾನಿ ಕೆಮಿಸ್ಟ್
ಮೂಲ ಪ್ರಶ್ನೆಗೆ ಬರೋಣ. ಪಿಎಚ್, ಕ್ಷಾರತೆ (ಅಂದರೆ ನೀರಿನಲ್ಲಿ ಕರಗಿದ ಕಾರ್ಬೊನೇಟ್, ಬೈಕಾರ್ಬೊನೇಟ್), ಕ್ಯಾಲ್ಸಿಯಂ ಎಷ್ಟಿವೆ? ಅಂಗಳಕ್ಕೆ ಹಾಸಿರುವ ಜಲ್ಲಿ ಯಾವ ಕಲ್ಲಿನದು?

ಮಡಕಶಿರಾದವ
ಪಿಎಚ್ 8.1, ಕ್ಷಾರತೆ 320, ಕ್ಯಾಲ್ಸಿಯಂ 95 ಮಿಲಿಗ್ರಾಂ. ಜಲ್ಲಿ ಡಾಲೊಮೈಟ್, ಸುಣ್ಣಕಲ್ಲಿನ ಜಾತಿಯದೇ. ಎಲ್ಲ ಕೊಳಗಳಲ್ಲೂ ಹೀಗೆಯೇ ಇರುತ್ತದೆ ಎಂದುಕೊಂಡು ಬರೆದಿರಲಿಲ್ಲ.

ಆದವಾನಿ ಕೆಮಿಸ್ಟ್
ಹಾಗಿದ್ದರೆ ಉತ್ತರ ಅಲ್ಲಿಯೇ ಇದೆ. ಜಾರ್ಖಂಡಿನ ಜಾದೂಗೋಡಾ ಗಣಿಯಲ್ಲಿ ಅದಿರಿನಿಂದ ಯುರೇನಿಯಂ ತೆಗೆಯಲು ಗಂಧಕಾಮ್ಲ ಬಳಸುತ್ತಾರೆ. ಆಂಧ್ರದ ತುಮ್ಮಲಪಲ್ಲೆ ಗಣಿಯ ಅದಿರು ಸುಣ್ಣಕಲ್ಲಿನ ಜಾತಿಯದಾದ್ದರಿಂದ ಆಮ್ಲ ಹಾಕಿದರೆ ಅಷ್ಟನ್ನೂ ಕಲ್ಲೇ ನುಂಗಿಬಿಡುತ್ತದೆ. ಆದ್ದರಿಂದ ಅಲ್ಲಿ ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಬಿಸಿ ಮತ್ತು ಒತ್ತಡ ಕೊಟ್ಟು ಕರಗಿಸುತ್ತಾರೆ. ಕಾರ್ಬೊನೇಟ್ ಯುರೇನಿಯಂ ಅನ್ನು ಅಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ನಿಮ್ಮ ಕೊಳದಲ್ಲಿಯೂ ಅದೇ ಹಿಡಿತ ಇದೆ, ಜೊತೆಗೆ ಕ್ಯಾಲ್ಸಿಯಂ ಸೇರಿ ವಿದ್ಯುದಂಶವೇ ಇಲ್ಲದ ಸಂಯುಕ್ತವಾಗುತ್ತದೆ, ಅದಕ್ಕೆ ಕಬ್ಬಿಣದ ಗಸಿಯ ಕಡೆಗೆ ಸೆಳೆತವೇ ಇರುವುದಿಲ್ಲ. ಒಂದು ಜಾರಿನಲ್ಲಿ ಆಮ್ಲದಿಂದ ಪಿಎಚ್ ಅನ್ನು 4.5ಕ್ಕೆ ಇಳಿಸಿ, ಇಂಗಾಲದ ಡೈಆಕ್ಸೈಡ್ ಹೋಗುವವರೆಗೆ ಚೆನ್ನಾಗಿ ಗಾಳಿ ಊದಿ, ಆಮೇಲೆ ಫೆರಿಕ್ ಹಾಕಿ, ಕಾಸ್ಟಿಕ್ ಸೋಡಾದಿಂದ 6ರ ಮೇಲಕ್ಕೆ ತನ್ನಿ. ರೇಡಾನ್ ಎಂಬ ವಿಕಿರಣಶೀಲ ಅನಿಲವೂ ಹೊರಬರುವುದರಿಂದ ಗಾಳಿ ಊದುವ ಕೆಲಸವನ್ನು ಬಯಲಿನಲ್ಲಿ ಮಾಡಿ.

ಹೊಸೂರು ಫಿಲ್ಟರ್
ಇಷ್ಟೆಲ್ಲ ಮಾಡುವ ಬದಲು 0.1 ಮೈಕ್ರಾನ್‌ನ ಒಂದು ಫಲಿತಾಂಶ ನೋಡಬಾರದೇ? ಕಣಗಳಲ್ಲ ಎಂದು ಇನ್ನೂ ಸಾಬೀತಾಗಿಲ್ಲ.

ಆದವಾನಿ ಕೆಮಿಸ್ಟ್
ನೋಡಲಿ, ಅಡ್ಡಿಯಿಲ್ಲ. ಆದರೆ ಕರಗಿದ ಉಪ್ಪನ್ನು ಬಟ್ಟೆಯಲ್ಲಿ ಸೋಸಿ ತೆಗೆಯಲಾಗದು. 0.1ರಲ್ಲಿಯೂ ಅಷ್ಟೇ ಬಂದರೆ ಈ ವಾದವನ್ನು ಬಿಟ್ಟುಬಿಡೋಣ.

ಮಡಕಶಿರಾದವ
ಜಾರಿನಲ್ಲಿ ಇದು ಸುಲಭ. ಕೊಳದಷ್ಟು ನೀರಿನ ಕ್ಷಾರತೆಯನ್ನೆಲ್ಲ ಕೊಲ್ಲಲು ಟ್ಯಾಂಕರ್‌ಗಟ್ಟಲೆ ಆಮ್ಲ ಬೇಕಾಗುತ್ತದೆ. ಅಷ್ಟು ಆಮ್ಲ ಹಾಕಿದ ಮೇಲೆ ಹಳ್ಳಕ್ಕೆ ಹೋಗುವ ಲವಣ ಇನ್ನೊಂದು ತಲೆನೋವು. ಬೇರೆ ದಾರಿ ಇದೆಯೇ?

ಆದವಾನಿ ಕೆಮಿಸ್ಟ್
ಸ್ಟ್ರಾಂಗ್ ಬೇಸ್ ಅಯಾನು ವಿನಿಮಯ ರಾಳ ಇದೆ, ಅಂದರೆ ನೀರಿನಲ್ಲಿ ಕರಗಿದ ಋಣ ವಿದ್ಯುದಂಶದ ಅಯಾನುಗಳನ್ನು ಹಿಡಿಯುವ ಸಣ್ಣ ಮಣಿಗಳು. ಕಬ್ಬಿಣಕ್ಕೆ ಅಡ್ಡಿಯಾಗುವ ಅದೇ ಸಂಯುಕ್ತದಿಂದ ಕ್ಯಾಲ್ಸಿಯಂ ಕಳಚಿದರೆ ಉಳಿಯುವ ಯುರೇನಿಯಂ-ಕಾರ್ಬೊನೇಟ್‌ಗೆ ಋಣ ವಿದ್ಯುದಂಶವಿದೆ, ಅದನ್ನು ಈ ರಾಳ ಚೆನ್ನಾಗಿ ಹಿಡಿಯುತ್ತದೆ. ಮೊದಲು ಗಸಿ ಕೂರಿಸಿ ತಿಳಿಯಾದ ನೀರನ್ನು ಮಾತ್ರ ಬಿಡಬೇಕು, ಇಲ್ಲವಾದರೆ ರಾಳದ ಕಂಬ ಕೆಸರಿಗೆ ಕಟ್ಟಿಕೊಳ್ಳುತ್ತದೆ. ಡಾಲೊಮೈಟ್ ಜಲ್ಲಿಯನ್ನು ತೆಗೆದು ಗ್ರಾನೈಟ್ ಹಾಸಲು ಸಾಧ್ಯವೇ ಎಂದು ಕೂಡ ವಿಚಾರಿಸಿ. ಅದಿರೇ ಸುಣ್ಣಕಲ್ಲಿನದಾದರೆ ಅದರಿಂದ ಹೆಚ್ಚು ಲಾಭವಿಲ್ಲ.

ಸೊಲ್ಲಾಪುರದಿಂದ
ಎಲ್ಲವನ್ನೂ ಓದಿದೆ, ಯುರೇನಿಯಂ ಕ್ಷಯಿಸುತ್ತಾ ಹುಟ್ಟುವ ವಿಕಿರಣಶೀಲ ಲೋಹವಾದ ರೇಡಿಯಂ ಬಗ್ಗೆ ಯಾರೂ ಕೇಳಿಲ್ಲ. ಈ ರಾಳ ರೇಡಿಯಂ ಅನ್ನು ಹಿಡಿಯುವುದಿಲ್ಲ. ರೇಡಿಯಂ 226ರ ಅರ್ಧಾಯುಷ್ಯ 1,600 ವರ್ಷ. ನೀರಿನಲ್ಲಿ ಸಲ್ಫೇಟ್ ಸಾಕಷ್ಟಿದ್ದರೆ ಬೇರಿಯಂ ಕ್ಲೋರೈಡ್ ಹಾಕಿ ಬೇರಿಯಂ ಸಲ್ಫೇಟ್ ಜೊತೆಗೆ ಅದನ್ನು ಕೂರಿಸಬಹುದು. ನಿಮ್ಮ ಕೊಳದ ರೇಡಿಯಂ, ಸಲ್ಫೇಟ್ ಎಷ್ಟು? ರಾಳವನ್ನು ಉಪ್ಪುನೀರಿನಿಂದ ತೊಳೆದಾಗ ಬರುವ ಯುರೇನಿಯಂ ತುಂಬಿದ ದ್ರವವನ್ನು ಅದಿರು ಸಂಸ್ಕರಿಸುವ ಕಾರ್ಖಾನೆಯವರು ಒಳಗೆ ತೆಗೆದುಕೊಳ್ಳುತ್ತಾರೆಯೇ?

ಮಡಕಶಿರಾದವ
ರೇಡಿಯಂ ಅಳೆಸಿಲ್ಲ. ಸಲ್ಫೇಟ್ ಮತ್ತು 0.1 ಮೈಕ್ರಾನ್‌ನ ಸ್ಯಾಂಪಲ್ ಎರಡನ್ನೂ ನಾಳೆ ಕಳುಹಿಸುತ್ತೇನೆ. ತೊಳೆದ ದ್ರವದ ವಿಷಯವನ್ನು ಕಾರ್ಖಾನೆಯವರಲ್ಲಿ ಕೇಳಬೇಕು.