ಸನ್‌ರೂಫ್ ಗಾಜಿಗೆ ಕೈ ಅಡ್ಡ ಬಂದರೆ ನಿಜವಾಗಲೂ ನಿಲ್ಲುತ್ತದಾ? ಗುಂಪಿನ ಪ್ರಶ್ನೋತ್ತರ

ಈ ವಾರದ ವಿಷಯ ಸನ್‌ರೂಫ್, ಅಂದರೆ ಕಾರಿನ ಚಾವಣಿಯಲ್ಲಿ ತೆರೆದು ಮುಚ್ಚುವ ಗಾಜು. ಉತ್ತರ ಕೊಡುತ್ತಿರುವವರು ಶಿವಮೊಗ್ಗದಲ್ಲಿ ಕಾರುಗಳ ಎಲೆಕ್ಟ್ರಿಕಲ್ ಕೆಲಸ ಮಾಡುವ ನಮ್ಮ ಗುಂಪಿನ ಹಿರಿಯ ಮೆಕ್ಯಾನಿಕ್.

ಪ್ರಶ್ನೆ (ಹಾಸನ): ನಮಸ್ಕಾರ ಸರ್. ನಾವು ಹೊಸ ಕಾರು ತಗೊಂಡಿದ್ದೇವೆ. ಏಳು ವರ್ಷದ ಮಗಳಿಗೆ ಸನ್‌ರೂಫ್ ಅಂದರೆ ಪ್ರಾಣ. ಕೈ ಅಡ್ಡ ಬಂದರೆ ಗಾಜು ತಾನಾಗಿ ವಾಪಸ್ ಹೋಗುತ್ತದೆ, ಭಯ ಬೇಡ ಅಂತ ಶೋರೂಮ್‌ನವರು ಹೇಳಿದರು. ಕೈ ಇದೆ ಅಂತ ಅದಕ್ಕೆ ಹೇಗೆ ಗೊತ್ತಾಗುತ್ತದೆ? ಗಾಜಿನ ಅಂಚಿನಲ್ಲಿ ಸೆನ್ಸರ್ ಇರುತ್ತದಾ? ಪೂರ್ತಿ ನಂಬಬಹುದಾ?

ಉತ್ತರ: ನಮಸ್ಕಾರ ಮೇಡಂ. ಸಾಮಾನ್ಯವಾಗಿ ಗಾಜಿನ ಅಂಚಿನಲ್ಲಿ ಏನೂ ಇರುವುದಿಲ್ಲ. ಎಲ್ಲರೂ ಅಲ್ಲೊಂದು ಕಣ್ಣಿದೆ ಅಂದುಕೊಂಡಿದ್ದಾರೆ. ಗೊತ್ತಾಗುವುದು ಮೋಟರ್‌ಗೆ.

ಮೇಲಿನ ಲೈನಿಂಗ್ ಬಟ್ಟೆಯ ಒಳಗೆ ಒಂದು ಸಣ್ಣ ಮೋಟರ್ ಇರುತ್ತದೆ. ಅದರ ಹಲ್ಲಿನ ಚಕ್ರ ಎರಡು ಉಕ್ಕಿನ ಕೇಬಲ್‌ಗಳನ್ನು ತಳ್ಳುತ್ತದೆ, ಎಳೆಯುತ್ತದೆ. ಗಾಜಿನ ಎಡಕ್ಕೊಂದು, ಬಲಕ್ಕೊಂದು ಕೇಬಲ್. ಅವು ರೈಲ್ ಒಳಗೆ, ಅಂದರೆ ಗಾಜು ಜಾರುವ ಹಳಿಯ ಒಳಗೆ, ಓಡಿದ ಹಾಗೆ ಗಾಜು ಹಿಂದೆ ಮುಂದೆ ಹೋಗುತ್ತದೆ. ಮೋಟರ್ ಒಳಗೆ ತಿರುಗುವ ಒಂದು ಆಯಸ್ಕಾಂತ, ಅದರ ಪಕ್ಕ ಆಯಸ್ಕಾಂತವನ್ನು ಗುರುತಿಸುವ ಹಾಲ್ ಸೆನ್ಸರ್. ಆಯಸ್ಕಾಂತ ತಿರುಗಿದಂತೆ ಸೆನ್ಸರ್ ಪಲ್ಸ್, ಅಂದರೆ ಕರೆಂಟಿನ ಸಣ್ಣ ಮಿಡಿತ, ಕಳಿಸುತ್ತಾ ಹೋಗುತ್ತದೆ. ಪಲ್ಸ್ ಎಣಿಸಿದರೆ ಗಾಜು ಎಲ್ಲಿದೆ ಅಂತ ತಿಳಿಯುತ್ತದೆ. ಒಂದು ಪಲ್ಸ್‌ಗೂ ಇನ್ನೊಂದಕ್ಕೂ ನಡುವಿನ ಸಮಯ ನೋಡಿದರೆ ಎಷ್ಟು ವೇಗದಲ್ಲಿ ಹೋಗುತ್ತಿದೆ ಅಂತ ತಿಳಿಯುತ್ತದೆ.

ಮಧ್ಯೆ ಏನಾದರೂ ಸಿಕ್ಕಿದರೆ ಮೋಟರ್ ನಿಧಾನ ಆಗುತ್ತದೆ, ಜಾಸ್ತಿ ಕರೆಂಟ್ ಎಳೆಯುತ್ತದೆ. ರೈಲ್‌ನ ಯಾವ ಜಾಗದಲ್ಲಿ ಎಷ್ಟು ಬಿಗಿ ಇರಬೇಕು ಅಂತ ಮೋಟರನ್ನು ನಡೆಸುವ ಕಂಟ್ರೋಲ್ ಯೂನಿಟ್ ಮೊದಲೇ ಕಲಿತಿರುತ್ತದೆ. ಅದಕ್ಕಿಂತ ಜಾಸ್ತಿ ಬಿಗಿ ಅನ್ನಿಸಿದ ಕೂಡಲೇ ಮೋಟರನ್ನು ಉಲ್ಟಾ ತಿರುಗಿಸುತ್ತದೆ. ಇದಕ್ಕೇ ಆ್ಯಂಟಿ-ಪಿಂಚ್ ಅನ್ನುವುದು.

ಇಲ್ಲಿ ಗಮನಿಸಬೇಕಾದ್ದು ಇಷ್ಟು. ಕೈ ಒತ್ತಿದ ಮೇಲೇ ಅದಕ್ಕೆ ಗೊತ್ತಾಗುವುದು, ಮುಂಚೆ ಅಲ್ಲ. ಯುರೋಪಿನಲ್ಲಿ ಪಾಲಿಸುವ ವಿಶ್ವಸಂಸ್ಥೆಯ 21ನೇ ನಿಯಮದಲ್ಲೂ ಅಮೆರಿಕದ ವಾಹನ ಸುರಕ್ಷತಾ ನಿಯಮ ಎಫ್‌ಎಂವಿಎಸ್‌ಎಸ್ 118ರಲ್ಲೂ ಮಿತಿ ಒಂದೇ. ಒತ್ತಡ 100 ನ್ಯೂಟನ್ ದಾಟುವ ಮೊದಲು ಗಾಜು ವಾಪಸ್ ಹೋಗಬೇಕು. 100 ನ್ಯೂಟನ್ ಅಂದರೆ ಹತ್ತು ಕೆಜಿ ಅಕ್ಕಿ ಚೀಲ ಬೆರಳ ಮೇಲೆ ಕೂತಷ್ಟು ಭಾರ. ದೊಡ್ಡವರ ಕೈ ತಡೆದುಕೊಳ್ಳುತ್ತದೆ. ಏಳು ವರ್ಷದ ಮಗುವಿನ ಬೆರಳಿಗೆ ಅದು ಸಣ್ಣ ಒತ್ತಡ ಅಲ್ಲ, ಕುತ್ತಿಗೆಗಂತೂ ಅಲ್ಲವೇ ಅಲ್ಲ.

ಇನ್ನೊಂದು ವಿಷಯ. ಆ ನಿಯಮಗಳ ಪರೀಕ್ಷೆ ನಡೆಯುವುದು 200 ಮಿಲಿಮೀಟರ್‌ನಿಂದ 4 ಮಿಲಿಮೀಟರ್ ತನಕದ ಸಂದಿಗೆ ಮಾತ್ರ. ಕೊನೆಯ 4 ಮಿಲಿಮೀಟರ್‌ನಲ್ಲಿ ಗಾಜು ರಬ್ಬರ್ ಬೀಡಿಂಗ್‌ಗೆ ಗಟ್ಟಿಯಾಗಿ ಕೂರಬೇಕು. ಅಲ್ಲಿ ಬಿಗಿ ಆಗುವುದು ಸಹಜ, ಹಾಗಾಗಿ ಅದನ್ನು ಅಡ್ಡಿ ಅಂತ ಲೆಕ್ಕ ಹಾಕಲು ಆಗುವುದಿಲ್ಲ. ಕೂದಲು, ದುಪಟ್ಟಾದ ತುದಿ, ಚರ್ಮದ ಮಡಿಕೆ ಆ ಜಾಗದಲ್ಲಿ ಸಿಕ್ಕಿದರೆ ಗಾಜು ನಿಲ್ಲುತ್ತದೆ ಅಂತ ನಂಬಬೇಡಿ.

ಅದೇ ಸದಸ್ಯೆ: ನಮ್ಮ ಕಾರಿನಲ್ಲಿ ಅದು ಸರಿಯಾಗಿ ಕೆಲಸ ಮಾಡುತ್ತಿದೆಯಾ ಅಂತ ಮನೆಯಲ್ಲೇ ನೋಡುವುದು ಹೇಗೆ? ಯಜಮಾನರು ಕೈ ಇಟ್ಟು ನೋಡೋಣ ಅಂತಿದ್ದಾರೆ.

ಉತ್ತರ: ಕೈ ಖಂಡಿತ ಬೇಡ ಅಂತ ಹೇಳಿ ಮೇಡಂ. ಕಾರು ತೊಳೆಯುವ ದಪ್ಪ ಸ್ಪಂಜ್ ಇರುತ್ತದಲ್ವಾ, ಅದನ್ನು ಗಾಜಿನ ದಾರಿಯಲ್ಲಿ ಮುಂದಿನ ಅಂಚಿಗೆ ಇಡಿ. ಸ್ವಿಚ್ ಒಂದೇ ಸಲ ಒತ್ತಿ ಬಿಡಿ. ಗಾಜು ಬಂದು ಸ್ಪಂಜನ್ನು ಸ್ವಲ್ಪ ಅದುಮಿ, ಒಂದು ಕ್ಷಣ ತಡೆದು, ಹಿಂದಕ್ಕೆ ಹೋಗಬೇಕು. ಸ್ಪಂಜ್ ಪೂರ್ತಿ ಚಪ್ಪಟೆಯಾದರೂ ವಾಪಸ್ ಹೋಗದಿದ್ದರೆ ಸ್ವಿಚ್ ಹಿಂದಕ್ಕೆ ಒತ್ತಿ ತೆರೆಯಿರಿ. ಆಮೇಲೆ ತೋರಿಸುವವರೆಗೆ ಸನ್‌ರೂಫ್ ಬಳಸಬೇಡಿ.

ಪ್ರಶ್ನೆ (ಮಂಗಳೂರು): ಅಣ್ಣ, ನನ್ನದು ಉಲ್ಟಾ ಸಮಸ್ಯೆ. ಏನೂ ಅಡ್ಡ ಇಲ್ಲ. ಆದರೂ ಮುಚ್ಚುವಾಗ ಅರ್ಧಕ್ಕೆ ಬಂದು ಗಾಜು ತಾನಾಗೇ ಹಿಂದೆ ಹೋಗುತ್ತದೆ. ಸ್ವಿಚ್ ಒತ್ತಿ ಹಿಡಿದುಕೊಂಡರೆ ಮುಚ್ಚುತ್ತದೆ. ಮೋಟರ್ ಹೋಗಿದೆ, ಬದಲಾಯಿಸಬೇಕು ಅಂತ ಒಂದು ಕಡೆ ಹೇಳಿದರು. ನಿಜವಾ?

ಉತ್ತರ: ದುಡ್ಡು ಕೊಡುವ ಮುಂಚೆ ಒಂದು ಕೆಲಸ ಮಾಡಿ. ಗಾಜು ಪ್ರತಿ ಸಲ ಒಂದೇ ಜಾಗದಿಂದ ವಾಪಸ್ ಹೋಗುತ್ತದಾ ನೋಡಿ. ರೈಲ್ ಪಕ್ಕ ಒಂದು ಚೂರು ಟೇಪ್ ಅಂಟಿಸಿ ಗುರುತು ಮಾಡಿಕೊಂಡರೆ ಸುಲಭ. ಒಂದೇ ಜಾಗ ಆದರೆ ಮೋಟರ್ ಮೇಲೆ ಅನುಮಾನ ಪಡುವ ಮುಂಚೆ ರೈಲ್ ನೋಡಬೇಕು. ಅಲ್ಲಿ ಏನೋ ಕೂತಿದೆ, ಗಾಜು ಅಲ್ಲಿಗೆ ಬಂದಾಗ ಬಿಗಿ ಆಗುತ್ತದೆ, ಯೂನಿಟ್ ಅದನ್ನು ಕೈ ಅಂತ ತಿಳಿದು ವಾಪಸ್ ಕಳಿಸುತ್ತದೆ. ಮೋಟರ್ ಸೋತಿದ್ದರೆ ಸಾಮಾನ್ಯವಾಗಿ ಉದ್ದಕ್ಕೂ ನಿಧಾನ ಇರುತ್ತದೆ, ಅಥವಾ ಒಂದೊಂದು ಸಲ ಒಂದೊಂದು ಕಡೆ ನಿಲ್ಲುತ್ತದೆ.

ನಮ್ಮಲ್ಲಿಗೆ ಬರುವ ಎಷ್ಟೋ ಕಾರುಗಳ ರೈಲ್ ನೋಡಬೇಕು ನೀವು. ಮರದ ಕೆಳಗೆ ನಿಲ್ಲಿಸಿದ ಕಾರುಗಳು. ಮಳೆಮರದ ಸಣ್ಣ ಎಲೆ ರೈಲ್ ಒಳಗೆ ಬೀಳುತ್ತದೆ. ಹಳೆ ಗ್ರೀಸ್‌ಗೆ ಅಂಟುತ್ತದೆ. ಅದರ ಮೇಲೆ ಕೆಂಪು ಧೂಳು ಕೂರುತ್ತದೆ. ಬಿಸಿಲಿಗೆ ಒಣಗಿ ಕಪ್ಪು ಗಟ್ಟಿ ಆಗಿರುತ್ತದೆ. ಉಗುರಿನಿಂದ ಕೆರೆದರೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಅದನ್ನು ತೆಗೆದು ಗಾಜು ಓಡಿಸಿದರೆ ಸದ್ದೇ ಬೇರೆ ಬರುತ್ತದೆ. ಆ ಗರಗರ ಇರುವುದಿಲ್ಲ.

ಗಾಜು ಪೂರ್ತಿ ತೆರೆದು, ಒದ್ದೆ ಬಟ್ಟೆಯಿಂದ ಎರಡೂ ಕಡೆ ರೈಲ್ ಒರೆಸಿ. ಮೂಲೆಗೆ ಹಳೆ ಟೂತ್‌ಬ್ರಷ್ ಸಾಕು. ಒಣಗಿದ ಮೇಲೆ ಮ್ಯಾನುಯಲ್‌ನಲ್ಲಿ ಹೇಳಿದ ಗ್ರೀಸ್ ತೆಳ್ಳಗೆ ಹಚ್ಚಿ. ಎಂಜಿನ್ ಆಯಿಲ್, ಅಡುಗೆ ಎಣ್ಣೆ ಹಾಕಬೇಡಿ. ಇನ್ನೂ ಜಾಸ್ತಿ ಧೂಳು ಹಿಡಿಯುತ್ತದೆ, ರಬ್ಬರೂ ಹಾಳಾಗುತ್ತದೆ. ಇಷ್ಟು ಮಾಡಿಯೂ ವಾಪಸ್ ಹೋದರೆ ಆಗ ಮೋಟರ್ ಮಾತು.

ಈಗ ನೀವು ಬರೆದದ್ದರಲ್ಲಿ ನನಗೆ ನಿಜವಾಗಿ ಚಿಂತೆ ಆದ ಮಾತು ಇನ್ನೊಂದು: ಒತ್ತಿ ಹಿಡಿದುಕೊಂಡರೆ ಮುಚ್ಚುತ್ತದೆ ಅಂದಿರಿ. ಹಲವು ಕಾರುಗಳಲ್ಲಿ ಅದೊಂದು ತುರ್ತು ದಾರಿ. ಧಾರಾಕಾರ ಮಳೆ ಬರುತ್ತಿರುವಾಗ ಗಾಜು ಮತ್ತೆ ಮತ್ತೆ ವಾಪಸ್ ಹೋದರೆ ಏನು ಮಾಡುತ್ತೀರಿ? ಅದಕ್ಕೇ ಕಂಪನಿಯವರು, ಸ್ವಿಚ್ ಬಿಡದೆ ಹಿಡಿದರೆ ಆ್ಯಂಟಿ-ಪಿಂಚ್ ಲೆಕ್ಕಿಸದೆ ಮುಚ್ಚುವ ಹಾಗೆ ಮಾಡಿರುತ್ತಾರೆ. ಆಗ ಅಡ್ಡ ಏನಿದ್ದರೂ ಮೋಟರ್ ತನ್ನ ಪೂರ್ತಿ ಬಲ ಹಾಕುತ್ತದೆ. ದಿನಾ ಹೀಗೇ ಮುಚ್ಚುವುದು ನಿಮಗೆ ಅಭ್ಯಾಸ ಆಗಿಬಿಟ್ಟರೆ ಕಾರಿನಲ್ಲಿ ಆ್ಯಂಟಿ-ಪಿಂಚ್ ಇಲ್ಲದ ಹಾಗೇ. ಮನೆಯಲ್ಲಿ ಮಕ್ಕಳಿದ್ದರೆ ಈ ರಿಪೇರಿ ಮುಂದಕ್ಕೆ ಹಾಕಬೇಡಿ ತಮ್ಮ.

ಪ್ರಶ್ನೆ (ತುಮಕೂರು): ಬ್ಯಾಟರಿ ಬದಲಾಯಿಸಿದ ಮೇಲೆ ಸನ್‌ರೂಫ್ ಒಂದೇ ಸಲಕ್ಕೆ ಮುಚ್ಚುತ್ತಿಲ್ಲ. ಸ್ವಲ್ಪ ಸ್ವಲ್ಪವೇ ಹೋಗಿ ನಿಲ್ಲುತ್ತದೆ. ಬ್ಯಾಟರಿ ಹಾಕಿದವರು ಏನೋ ಕೆಡಿಸಿದರಾ?

ಉತ್ತರ: ಏನೂ ಕೆಡಿಸಿಲ್ಲ ಸರ್. ಬ್ಯಾಟರಿ ತೆಗೆದಾಗ ಗಾಜು ಎಲ್ಲಿದೆ ಅನ್ನುವ ಲೆಕ್ಕ ಕೆಲವು ಕಾರುಗಳಲ್ಲಿ ಅಳಿಸಿ ಹೋಗುತ್ತದೆ. ಲೆಕ್ಕ ಇಲ್ಲದೆ ಒನ್-ಟಚ್, ಅಂದರೆ ಸ್ವಿಚ್ ಒಂದೇ ಸಲ ಒತ್ತಿದರೆ ಪೂರ್ತಿ ಮುಚ್ಚುವುದು, ಮಾಡಲು ಯೂನಿಟ್ ಒಪ್ಪುವುದಿಲ್ಲ. ಹಾಗೆ ಒಪ್ಪದಿರುವುದೇ ಸರಿ.

ಮತ್ತೆ ಕಲಿಸಬೇಕು. ಗಾಜು ಪೂರ್ತಿ ಮುಚ್ಚಿ, ಮುಚ್ಚುವ ದಿಕ್ಕಿಗೇ ಸ್ವಿಚ್ ಒತ್ತಿ ಕೆಲವು ಸೆಕೆಂಡ್ ಹಿಡಿಯುವುದು ಬಹಳ ಕಾರುಗಳ ಕ್ರಮ. ಗಾಜು ತಾನಾಗಿ ಏಳುತ್ತದೆ, ಹಿಂದೆ ಹೋಗುತ್ತದೆ, ಮತ್ತೆ ಬಂದು ಮುಚ್ಚುತ್ತದೆ. ಪೂರ್ತಿ ಮುಗಿಯುವವರೆಗೆ ಬೆರಳು ತೆಗೆಯಬಾರದು. ಸೆಕೆಂಡ್ ಎಷ್ಟು, ಮೊದಲು ಯಾವುದು ಅನ್ನುವುದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಗ್ಲವ್ ಬಾಕ್ಸ್‌ನಲ್ಲಿರುವ ಮ್ಯಾನುಯಲ್ ತೆಗೆದು ನೋಡಿ. ಕಲಿಯುವ ಹೊತ್ತಿನಲ್ಲಿ ಆ್ಯಂಟಿ-ಪಿಂಚ್ ಇದೆ ಅಂತ ಭಾವಿಸಬೇಡಿ. ಕಾರಿನಲ್ಲಿ ನಿಮ್ಮನ್ನು ಬಿಟ್ಟು ಯಾರೂ ಇರಬಾರದು.

ಪ್ರಶ್ನೆ (ದಾವಣಗೆರೆ): ಪವರ್ ವಿಂಡೋಗೆ ಡ್ರೈವರ್ ಬಾಗಿಲಲ್ಲಿ ಲಾಕ್ ಬಟನ್ ಇದೆ. ಅದು ಒತ್ತಿದರೆ ಸನ್‌ರೂಫ್ ಸ್ವಿಚ್ಚೂ ಲಾಕ್ ಆಗುತ್ತದಾ?

ಉತ್ತರ: ಸಾಮಾನ್ಯವಾಗಿ ಇಲ್ಲ. ಆ ಬಟನ್ ಕಿಟಕಿಗಳ ಸ್ವಿಚ್‌ಗಳಿಗೆ. ಸನ್‌ರೂಫ್ ಸ್ವಿಚ್ ಮೇಲೆ ರೂಮ್ ಲೈಟ್ ಹತ್ತಿರ ಇರುತ್ತದೆ, ಮುಂದಿನ ಸೀಟಿನ ಮೇಲೆ ಹತ್ತಿ ನಿಂತ ಮಗುವಿಗೂ ಎಟಕುತ್ತದೆ. ಇಗ್ನಿಷನ್ ಆಫ್ ಮಾಡಿದ ಮೇಲೂ ಕೆಲವು ನಿಮಿಷ ಅದು ಕೆಲಸ ಮಾಡುವ ಕಾರುಗಳಿವೆ. ಹಲವು ಕಾರುಗಳಲ್ಲಿ ಅದಕ್ಕೂ ಮುಂಚೆ ಮುಂದಿನ ಬಾಗಿಲು ತೆರೆದರೆ ಕರೆಂಟ್ ನಿಲ್ಲುತ್ತದೆ. ಮಕ್ಕಳನ್ನು ಒಳಗೆ ಬಿಟ್ಟು ಕೀ ಸಮೇತ ಅಂಗಡಿಗೆ ಹೋಗಬೇಡಿ, ಎರಡೇ ನಿಮಿಷಕ್ಕೂ.

ಮಾತು ಹೇಳಿದರೆ ತೆರೆಯುವ ಸನ್‌ರೂಫ್ ಈಗ ಸಣ್ಣ ಕಾರುಗಳಿಗೂ ಬಂದಿದೆ. 2019ರ ಎಂಜಿ ಹೆಕ್ಟರ್, 2023ರ ಹ್ಯುಂಡೈ ಎಕ್ಸ್‌ಟರ್ ಎರಡರಲ್ಲೂ ಇತ್ತು. ಸೌಕರ್ಯ ಒಳ್ಳೆಯದೇ. ಆದರೆ ಮುಚ್ಚು ಅಂತ ಹೇಳುವ ಮುಂಚೆ ತಲೆ ಎತ್ತಿ ಒಂದು ಸಲ ನೋಡಿ.

ಪ್ರಶ್ನೆ (ಬೆಂಗಳೂರು): ಸರ್, ನಿಧಾನವಾಗಿ ಹೋಗುವಾಗ ಮಕ್ಕಳು ಐದು ನಿಮಿಷ ಮೇಲೆ ನಿಂತರೆ ಏನು ತಪ್ಪು? ಎಲ್ಲರೂ ಮಾಡುತ್ತಾರಲ್ವಾ?

ಉತ್ತರ: ದಯವಿಟ್ಟು ಮಾಡಬೇಡಿ ಸರ್. 2025ರ ಸೆಪ್ಟೆಂಬರ್‌ನಲ್ಲಿ ನಿಮ್ಮ ಊರಲ್ಲೇ ನಡೆದದ್ದರ ವಿಡಿಯೊ ನೀವೂ ನೋಡಿರಬಹುದು. ಸನ್‌ರೂಫ್‌ನಿಂದ ಹೊರಗೆ ನಿಂತಿದ್ದ ಮಗುವಿನ ತಲೆ, ದೊಡ್ಡ ಗಾಡಿ ಬರದಂತೆ ರಸ್ತೆಗೆ ಅಡ್ಡ ಹಾಕಿದ್ದ ಕಬ್ಬಿಣದ ಕಮಾನಿಗೆ ಬಡಿಯಿತು. ಕಾರು ಅದರ ಕೆಳಗೆ ಆರಾಮಾಗಿ ಹೋಗುತ್ತದೆ. ಡ್ರೈವರ್‌ಗೆ ಅದು ಅಡ್ಡಿ ಅಂತ ಅನ್ನಿಸುವುದೇ ಇಲ್ಲ, ಯಾಕೆಂದರೆ ಅವನ ಲೆಕ್ಕ ಕಾರಿನ ಎತ್ತರದ್ದು. ಮೇಲೆ ನಿಂತ ಮಗುವಿನ ಎತ್ತರ ಅವನ ಲೆಕ್ಕದಲ್ಲಿ ಇರುವುದಿಲ್ಲ. ಮರದ ಕೊಂಬೆ, ಜೋತುಬಿದ್ದ ಕೇಬಲ್, ಗಾಳಿಪಟದ ಮಾಂಜಾ ದಾರ, ಎಲ್ಲದಕ್ಕೂ ಇದೇ ಮಾತು.

ನಿಧಾನ ಅಂದಿರಿ. 40 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ 11 ಮೀಟರ್. ನಾಯಿ ಅಡ್ಡ ಬಂತು, ಬ್ರೇಕ್ ಒತ್ತಿದಿರಿ. ಕಾರು ನಿಲ್ಲುತ್ತದೆ. ನಿಂತಿರುವ ಮಗುವಿನ ದೇಹ ಅದೇ ವೇಗದಲ್ಲಿ ಮುಂದೆ ಹೋಗುತ್ತದೆ, ಎದೆ ಅಥವಾ ಹೊಟ್ಟೆ ರೂಫ್ ಅಂಚಿಗೆ ಹೊಡೆಯುತ್ತದೆ. ಅಲ್ಲಿ ಬೆಲ್ಟ್ ಇಲ್ಲ, ಏರ್‌ಬ್ಯಾಗ್ ಇಲ್ಲ. ಆ್ಯಂಟಿ-ಪಿಂಚ್‌ಗೂ ಇದಕ್ಕೂ ಸಂಬಂಧವೇ ಇಲ್ಲ.

ಕಾನೂನೂ ಸ್ಪಷ್ಟ ಇದೆ. ಮೋಟಾರು ವಾಹನ ಕಾಯ್ದೆಯ 194ಬಿ ಪ್ರಕಾರ 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟ್ ಇಲ್ಲದೆ ಓಡಿಸಿದರೆ 1,000 ರೂಪಾಯಿ ದಂಡ. ಅಪಾಯಕಾರಿ ಚಾಲನೆ ಅಂತ 184ನೇ ಸೆಕ್ಷನ್ ಹಾಕಿದರೆ ಮೊದಲ ಸಲಕ್ಕೇ 1,000ದಿಂದ 5,000 ರೂಪಾಯಿ ದಂಡ, ಜೈಲಿಗೂ ಅವಕಾಶ ಇದೆ. ಮಕ್ಕಳಿಗೆ ಆಕಾಶ ತೋರಿಸಬೇಕಾ? ಸುಮ್ನೆ ಪರದೆ ಸರಿಸಿ, ಗಾಜು ಮುಚ್ಚಿಡಿ, ಬೆಲ್ಟ್ ಹಾಕಿ ಕೂರಿಸಿ. ಹಿಂದಿನ ಸೀಟಿನಲ್ಲಿ ಒರಗಿ ಕೂತರೆ ಮೋಡ, ಮರ ಎಲ್ಲ ಕಾಣುತ್ತದೆ.

ಪ್ರಶ್ನೆ (ಮೈಸೂರು): ಪನೋರಮಿಕ್ ಗಾಜು ಇಷ್ಟು ದೊಡ್ಡದಿದೆ. ಕಾರು ಪಲ್ಟಿಯಾದರೆ?

ಉತ್ತರ: ಗಾಜಿನಲ್ಲಿ ಎರಡು ಬಗೆ. ಟೆಂಪರ್ಡ್ ಆದರೆ ಒಡೆದಾಗ ಸಣ್ಣ ಸಣ್ಣ ಹರಳಾಗಿ ಪೂರ್ತಿ ಉದುರುತ್ತದೆ. ಲ್ಯಾಮಿನೇಟೆಡ್ ಆದರೆ ಎರಡು ಗಾಜಿನ ಮಧ್ಯೆ ಪ್ಲಾಸ್ಟಿಕ್ ಪದರ ಇರುತ್ತದೆ, ಒಡೆದರೂ ಹಾಳೆ ಹಾಗೇ ಹಿಡಿದುಕೊಳ್ಳುತ್ತದೆ. ನಿಮ್ಮದು ಯಾವುದು ಅಂತ ಗಾಜಿನ ಮೂಲೆಯ ಗುರುತಲ್ಲಿ ಬರೆದಿರುತ್ತದೆ, ಅಥವಾ ಸರ್ವಿಸ್‌ನವರನ್ನು ಕೇಳಿ. ಪಲ್ಟಿಯಾದಾಗ ಜನ ಮೇಲಿನಿಂದ ಹೊರಗೆ ಎಸೆಯಲ್ಪಡುವ ಅಪಾಯ ನಿಜ. ಅದಕ್ಕೇ ಕಾರಿನ ಬಿಡಿಭಾಗ ತಯಾರಿಸುವ ಹ್ಯುಂಡೈ ಮೊಬಿಸ್ ಕಂಪನಿ 2017ರಲ್ಲಿ ಸನ್‌ರೂಫ್‌ಗೇ ಒಂದು ಏರ್‌ಬ್ಯಾಗ್ ತಯಾರಿಸಿ ತೋರಿಸಿತು. ಕಂಪನಿ ಹೇಳಿದ ಪ್ರಕಾರ 0.08 ಸೆಕೆಂಡಿನಲ್ಲಿ ಪೂರ್ತಿ ಹರಡಿಕೊಳ್ಳುತ್ತದೆ. ಸದ್ಯಕ್ಕೆ ನಮ್ಮ ನಿಮ್ಮ ಕಾರಿನಲ್ಲಿ ಒಳಗೆ ಹಿಡಿದಿಡುವುದು ಸೀಟ್ ಬೆಲ್ಟ್. ಹಿಂದೆ ಕೂತವರಿಗೂ.

ಪ್ರಶ್ನೆ (ಸಾಗರ): ಕೊನೆಯದು ಅಣ್ಣ. ಗಾಜು ಸರಿಯಾಗಿ ಮುಚ್ಚಿದೆ, ಆದರೂ ಜೋರು ಮಳೆಗೆ ಡ್ರೈವರ್ ಕಾಲ ಹತ್ತಿರ ಮ್ಯಾಟ್ ಒದ್ದೆ. ಬೀಡಿಂಗ್ ಬದಲಾಯಿಸಬೇಕಾ?

ಉತ್ತರ: ಬೀಡಿಂಗ್ ನೀರನ್ನು ಪೂರ್ತಿ ತಡೆಯುವುದಿಲ್ಲ, ತಡೆಯಬೇಕಾಗಿಯೂ ಇಲ್ಲ. ಒಳಗೆ ಬಂದ ನೀರು ಗಾಜಿನ ಸುತ್ತ ಇರುವ ಕಾಲುವೆಗೆ ಬಿದ್ದು, ಮೂಲೆಗಳ ಪೈಪ್‌ನಲ್ಲಿ ಇಳಿದು ಕಾರಿನ ಕೆಳಗೆ ಹೋಗಬೇಕು. ಮುಂದಿನ ಪೈಪ್‌ಗಳು ವಿಂಡ್‌ಶೀಲ್ಡ್ ಪಕ್ಕದ ಕಂಬದ ಒಳಗೆ ಇಳಿಯುತ್ತವೆ. ನಿಮ್ಮ ಕಾಲ ಹತ್ತಿರ ಒದ್ದೆ ಅಂದರೆ ಮೊದಲ ಅನುಮಾನ ಆ ಪೈಪ್ ಕಟ್ಟಿಕೊಂಡಿದೆ ಅಂತ.

ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಗಾಜು ತೆರೆದು, ಮುಂದಿನ ಮೂಲೆಯ ತೂತಿಗೆ ಒಂದು ಲೋಟ ನೀರು ನಿಧಾನವಾಗಿ ಹುಯ್ಯಿರಿ. ಒಬ್ಬರು ಕೆಳಗೆ ಮುಂದಿನ ಚಕ್ರದ ಹತ್ತಿರ ನೋಡಲಿ. ನೀರು ಸರಾಗವಾಗಿ ಸುರಿಯಬೇಕು. ಕಾಲುವೆಯಲ್ಲೇ ನಿಂತರೆ ಕಟ್ಟಿದೆ. ಗ್ಯಾರೇಜ್‌ನ ಕಂಪ್ರೆಸರ್ ಗಾಳಿ ಜೋರಾಗಿ ಬಿಡಿಸಬೇಡಿ. ಪೈಪ್ ಒಳಗೆ ಜಾಯಿಂಟ್ ಬಿಟ್ಟುಕೊಂಡರೆ ನೀರೆಲ್ಲ ಡ್ಯಾಶ್‌ಬೋರ್ಡ್ ವೈರಿಂಗ್ ಮೇಲೆ ಹೋಗುತ್ತದೆ, ಆಗ ಖರ್ಚು ಜಾಸ್ತಿ. ಬಾಗುವ ತೆಳ್ಳಗಿನ ನೈಲಾನ್ ತಂತಿ ಮೆಲ್ಲಗೆ ಇಳಿಸಿ, ಆಮೇಲೆ ಮತ್ತೆ ನೀರು ಬಿಟ್ಟು ನೋಡಿ. ನಿಮ್ಮ ಕಡೆ ಜೂನ್ ಮಳೆ ಹಿಡಿಯುವ ಮುಂಚೆ ಒಂದು ಸಲ, ಮಳೆಗಾಲದ ಮಧ್ಯೆ ಒಂದು ಸಲ ಮಾಡಿದರೆ ಸಾಕು.