ಅಪ್‌ಡೇಟ್: ಅಮ್ಮನ ಜೊತೆ ವೆಕ್ಸ್‌ಫರ್ಡ್‌ನ ಫ್ಲಾ ಕ್ಯೋಲ್‌ಗೆ ಹೋಗಿ ಬಂದೆವು

2025ರ ಆಗಸ್ಟ್‌ನ ಫ್ಲಾ ಕ್ಯೋಲ್, ಅಂದರೆ ಐರ್ಲೆಂಡ್‌ನ ಸಾಂಪ್ರದಾಯಿಕ ಸಂಗೀತ ಹಬ್ಬಕ್ಕೆ ಮೈಸೂರಿನಿಂದ ಬಂದಿರುವ ಅಮ್ಮನನ್ನು ಕರೆದುಕೊಂಡು ಹೋಗಬೇಕು, ವೆಕ್ಸ್‌ಫರ್ಡ್‌ನಲ್ಲಿ ಒಂದು ರೂಮೂ ಸಿಗುತ್ತಿಲ್ಲ, ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ? ಹೋಗಿ ಬಂದೆವು.

ಹತ್ತಿರದ ಎನ್ನಿಸ್‌ಕಾರ್ತಿ ಊರಿನಲ್ಲಿ ಉಳಿದು ರೈಲಿನಲ್ಲಿ ಓಡಾಡಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. ಅದೇ ಕೈ ಹಿಡಿಯಿತು. ಎರಡೂ ಊರು ಡಬ್ಲಿನ್–ರಾಸ್‌ಲೇರ್ ಲೈನಿನಲ್ಲೇ ಇವೆ, ಪಕ್ಕದಲ್ಲೇ ಸ್ಲೇನಿ ನದಿ. ಕೊನೇ ಗಳಿಗೆಯಲ್ಲಿ ಯಾರಾದರೂ ರೂಮ್ ಕ್ಯಾನ್ಸಲ್ ಮಾಡುತ್ತಾರೆ, ಕಾಯಿರಿ ಅನ್ನುವ ಸಲಹೆ ನಮಗೆ ಉಪಯೋಗಕ್ಕೆ ಬರಲಿಲ್ಲ. ಹತ್ತು ದಿನ ಸುಮ್ನೆ ಫೋನ್ ನೋಡಿದ್ದೇ ಆಯಿತು. ಮಡಚುವ ಕುರ್ಚಿ ಒಯ್ಯಿರಿ ಅಂದವರು ಅಮ್ಮನ ಮಂಡಿ ಉಳಿಸಿದರು.

ಬೇಜಾರಾದದ್ದು ಎರಡನೇ ದಿನ. ಜನಜಂಗುಳಿಯಲ್ಲಿ ಸಿಕ್ಕಿಕೊಂಡು ವಾಪಸ್ ರೈಲು ತಪ್ಪಿತು, ಮೇಲೆ ಮಳೆ, ಟ್ಯಾಕ್ಸಿ ಇಲ್ಲ. ಅಮ್ಮ ನಡುಗುತ್ತಾ ಕೂತಿದ್ದು ನೋಡಿ ಯಾಕಾದರೂ ಕರೆತಂದೆನೋ ಅನಿಸಿತ್ತು.

ಮರುದಿನ ಬೀದಿಯಲ್ಲೇ ಒಬ್ಬ ಹುಡುಗಿ ಇಲಿಯನ್ ಪೈಪ್ಸ್ (ಐರ್ಲೆಂಡ್‌ನ ಬ್ಯಾಗ್‌ಪೈಪ್) ನುಡಿಸುತ್ತಿದ್ದಳು. ಇದಕ್ಕೆ ಬಾಯಿಂದ ಊದುವುದೇ ಇಲ್ಲ, ನನಗೆ ಗೊತ್ತಿರಲಿಲ್ಲ. ಬಲ ಮೊಣಕೈ ಕೆಳಗಿನ ತಿದಿ ಒತ್ತಿದರೆ ಎಡಗಡೆಯ ಚೀಲಕ್ಕೆ ಗಾಳಿ ತುಂಬುತ್ತದೆ. ಐರಿಷ್‌ನಲ್ಲಿ ಇಲಿಯನ್ ಅಂದರೆ ಮೊಣಕೈಯೇ ಅಂತೆ. ಹಿಂದೆ ಒಂದೇ ಸ್ವರ ಬಿಡದೆ ಮೊಳಗುತ್ತಿತ್ತು. ಅಮ್ಮ ಕಣ್ಣು ಮುಚ್ಚಿ, "ತಂಬೂರಿ ಶ್ರುತಿ ಹಿಡಿದ ಹಾಗೇ ಇದೆ ಕಣೋ" ಅಂದರು. ಒಂದು ಗಂಟೆ ಕುರ್ಚಿ ಬಿಟ್ಟು ಏಳಲಿಲ್ಲ.

2026ರ ಫ್ಲಾ ಬೆಲ್‌ಫಾಸ್ಟ್‌ನಲ್ಲಿ. ಹೋಗುವವರು ರೂಮ್ ಈಗಲೇ ನೋಡಿಕೊಳ್ಳಿ, ನಾನಂತೂ ಶುರು ಮಾಡಿದ್ದೇನೆ.